ಫೋಟೋದಲ್ಲಿ ಉಳಿದ ವಾಚು

ಮೊದಲು ಒಂದು ಮಾತು ಕೇಳಿಸಿಕೊಳ್ಳಿ. ಹೋದ ಸಲ ನಾನು ಹೇಳಿದ್ದನ್ನು ಕೇಳಿ, ಅಜ್ಜನಿಗೆ ಅರುಳುಮರುಳು, ಅರ್ಧಕ್ಕರ್ಧ ಕಟ್ಟಿ ಹೇಳುತ್ತಾನೆ ಎಂದು ನಿಮ್ಮಲ್ಲಿ ಯಾರೋ ಗೊಣಗಿದ್ದೀರಿ. ಯಾರೆಂದು ಗೊತ್ತಿದೆ. ಹೇಳುವುದಿಲ್ಲ, ಮಾನ ಉಳಿಸುತ್ತಿದ್ದೇನೆ. ಮೊಬೈಲು ಎಲ್ಲಿಟ್ಟೆ ಎಂದು ಅದೇ ಮೊಬೈಲಿನ ಟಾರ್ಚು ಹಾಕಿಕೊಂಡು ಮಂಚದ ಕೆಳಗೆ ಹುಡುಕುವವರು ನೀವು, ನನ್ನ ನೆನಪನ್ನು ತೂಗುತ್ತೀರಾ? ನನ್ನ ಕನ್ನಡಕ ಎಲ್ಲಿದೆ ಎಂದು ನನಗೆ ಗೊತ್ತಿರುವುದಿಲ್ಲ, ಒಪ್ಪಿದೆ. ಆದರೆ ಪಕ್ಕದ ಮನೆಯ ವಾಚಿನವನಿಗೆ ಆ ದಿನ ಏನಾಯಿತು ಎಂಬುದು ನನಗೆ ಪೂರ್ತಿ ಗೊತ್ತು. ಅರ್ಧ ಅವನೇ ಪಾರ್ಕಿನ ಬೆಂಚಿನ ಮೇಲೆ ಕೂತು ಹೇಳಿದ್ದು. ಉಳಿದರ್ಧಕ್ಕೆ, ನಮ್ಮ ಎರಡು ಮನೆಗಳ ನಡುವಿನ ಗೋಡೆ ತೆಳ್ಳಗಿತ್ತು. ಮಧ್ಯೆ ಬಾಯಿ ಹಾಕಬೇಡಿ.

ಆ ದಿನವೂ ಎಲ್ಲ ದಿನಗಳ ಹಾಗೆ ಸಕ್ಕರೆ ಇಲ್ಲದ ಕಾಫಿಯಿಂದಲೇ ಶುರುವಾಗಿತ್ತು. ಅತ್ತೆ ಲೋಟ ಕೈಗಿಟ್ಟು, "ನಿಮ್ಮದು ಬೇರೇನೇ ತೆಗೆದಿಟ್ಟಿದ್ದೆ" ಎಂದರು. ವಾಚಿನವನು ಮುಖ ಹಿಂಡದೆ ಕುಡಿದ. ಮುಖ ಹಿಂಡದೆ ಕುಡಿಯುವುದನ್ನು ಅವನು ಮದುವೆಯಾದ ಮೊದಲ ವಾರದಲ್ಲೇ ಕಲಿತಿದ್ದ. ಮೊದಲ ದಿನ, ಮರೆತಿರಬೇಕು ಪಾಪ ಎಂದುಕೊಂಡ. ಎರಡನೆಯ ದಿನ, ಹೊಸ ಅಳಿಯ ಸಕ್ಕರೆ ಕೇಳಿದರೆ ಚೆನ್ನಾಗಿರುವುದಿಲ್ಲ ಎಂದುಕೊಂಡ. ಆಮೇಲೊಂದು ದಿನ ಹೆಂಡತಿ ಯಾವುದೋ ಮಾತಿನ ನಡುವೆ, ಹಿಂದಿನವರಿಗೆ ಸಕ್ಕರೆ ಆಗುತ್ತಿರಲಿಲ್ಲ ಎಂದಳು. ಹಿಂದಿನವರು ಅಂದರೆ ಅವಳ ಮೊದಲನೆಯ ಗಂಡ. ಆ ಮನೆಯಲ್ಲಿ ಅವನನ್ನು ಕರೆಯುತ್ತಿದ್ದದ್ದು ಹಾಗೆ, ತೀರಿಕೊಂಡವರನ್ನು ಕರೆದ ಹಾಗೆ, ಆದರೆ ಅವನು ಊರಿನಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ. ಆಗ ವಾಚಿನವನಿಗೆ ಅರ್ಥವಾಯಿತು. ಅತ್ತೆಯ ತಲೆಯಲ್ಲಿ ಅಳಿಯ ಎಂಬ ಒಂದು ಡಬ್ಬಿ ಇತ್ತು, ಅದಕ್ಕೆ ಸಕ್ಕರೆ ಇಲ್ಲ ಎಂದು ಚೀಟಿ ಅಂಟಿಸಿದ್ದರು, ಡಬ್ಬಿಯೊಳಗಿನ ಮನುಷ್ಯ ಬದಲಾದರೂ ಚೀಟಿ ಕೀಳಲು ಯಾರಿಗೂ ಹೊಳೆದಿರಲಿಲ್ಲ. ಅಷ್ಟರಲ್ಲಿ ತಿಂಗಳುಗಟ್ಟಲೆ ಕುಡಿದಾಗಿತ್ತು. ಈಗ ಕೇಳಿದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎನ್ನುತ್ತಾರೆ. ಅದಕ್ಕೆ ಉತ್ತರ ಕೊಡಬೇಕಾದರೆ ಹಿಂದಿನವರ ಮಾತು ತೆಗೆಯಬೇಕು. ಅವರ ಮಾತು ತೆಗೆದರೆ ಇವನು ಹೊಟ್ಟೆಕಿಚ್ಚಿನವನಾಗುತ್ತಾನೆ. ಅದಕ್ಕೆ ಜೇಬಿನಲ್ಲಿ ಪೆಪ್ಪರಮಿಂಟು ಇಟ್ಟುಕೊಂಡು, ಬೀದಿಯ ತಿರುವು ದಾಟಿದ ಮೇಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಒಂದು ಸಲ ಅತ್ತೆಗೆ ಅಂಗಿಯ ಜೇಬಿನಲ್ಲಿ ಅದರ ಕಾಗದ ಸಿಕ್ಕಿಬಿಟ್ಟಿತು. "ಕದ್ದು ಸಿಹಿ ತಿಂತಾರೆ ಕಣೇ, ನೀನು ಸ್ವಲ್ಪ ಗಮನ ಇಡು" ಎಂದು ಮಗಳಿಗೆ ಪಿಸುಗುಟ್ಟಿದ್ದು, ಅತ್ತೆಯ ಪಿಸುಮಾತು ನನ್ನ ಮನೆಯವರೆಗೂ ಬರುತ್ತಿತ್ತು, ನಾನೇ ಕೇಳಿದ್ದೇನೆ.

ಅವನು ಅಂಗಡಿಗೆ ನಡೆಯುತ್ತ ಯೋಚಿಸುತ್ತಿದ್ದದ್ದು ಕಾಫಿಯನ್ನಲ್ಲ, ಫೋಟೋವನ್ನು. ಹಜಾರದ ಗೂಡಿನಲ್ಲಿ ಹೆಂಡತಿಯ ಒಂದು ಫೋಟೋ ಇತ್ತು. ಅಷ್ಟು ಚೆನ್ನಾಗಿ ಅವಳು ಇನ್ನಾವ ಫೋಟೋದಲ್ಲೂ ಬಂದಿರಲಿಲ್ಲ. ತಲೆ ಹಿಂದಕ್ಕೆ ಎಸೆದು, ಬಾಯಿ ತುಂಬ ನಗುತ್ತಿದ್ದಳು. ಪಕ್ಕದಲ್ಲಿದ್ದ ಹಿಂದಿನವರನ್ನು ಅವಳೇ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದಳು, ಬಹಳ ನೀಟಾಗಿ, ಕಿವಿಯ ಅಂಚಿನಿಂದ ಕೆಳಗೆ. ಆದರೆ ಅವರು ಅವಳ ಭುಜದ ಮೇಲೆ ಕೈ ಹಾಕಿದ್ದರು. ಕೈಯನ್ನು ಕತ್ತರಿಸಿದರೆ ಭುಜವೂ ಹೋಗುತ್ತಿತ್ತು. ಹಾಗಾಗಿ ಕೈ ಉಳಿಯಿತು. ಆ ಕೈಯ ಕಿರುಬೆರಳು ಕೊಂಚ ಹೊರಕ್ಕೆ ಬಾಗಿತ್ತು, ಮಣಿಕಟ್ಟಿನಲ್ಲಿ ಒಂದು ವಾಚಿತ್ತು. ಬೇರೆ ಯಾವ ಗಂಡನಾದರೂ ಬೆರಳನ್ನು ನೋಡಿ ಸಂಕಟಪಡುತ್ತಿದ್ದ. ಇವನು ವಾಚು ನೋಡಿದ. ನೋಡಿದ ಕ್ಷಣವೇ ಗೊತ್ತಾಯಿತು: ಇವನ ಅಂಗಡಿಯ ಕನ್ನಡಿ ಪೆಟ್ಟಿಗೆಯಲ್ಲಿ ರಾಜನ ಹಾಗೆ ಕೂತಿರುವ ಮಾದರಿಯೇ ಅದು, ಆದರೆ ಹಳೆಯ ಆವೃತ್ತಿ. ಇವನು ಇಡೀ ಜೀವಮಾನದಲ್ಲಿ ಕೊಳ್ಳಲಾಗದ ವಾಚು, ಇವನ ಹೆಂಡತಿಯ ಭುಜದ ಮೇಲೆ, ಇವನ ಮನೆಯ ಹಜಾರದಲ್ಲಿ. ಪ್ರತಿ ಭಾನುವಾರ ಅದರ ಧೂಳು ಒರೆಸುವವನೂ ಇವನೇ.

ಅದೂ ಸಾಲದು ಎಂಬಂತೆ ನೆಂಟರು. ಮದುವೆಯ ದಿನ ಅವಳ ಚಿಕ್ಕಮ್ಮ ಇವನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ, ಥೇಟ್ ಹಿಂದಿನವರ ಥರಾನೇ!" ಎಂದುಬಿಟ್ಟಿದ್ದರು. ಹೊಗಳಿಕೆಯೋ ಸಂತಾಪವೋ ತಿಳಿಯಲಿಲ್ಲ. ಅಂದಿನಿಂದ ಅವನೊಳಗೆ ಒಂದು ಹುಳ ಸೇರಿಕೊಂಡಿತ್ತು. ಅವಳು ಮತ್ತೆ ಹುಡುಕಿದ್ದು ಅದೇ ಮಾದರಿಯನ್ನೇ ಏನು? ಕಂಪನಿಯವರು ಕೆಟ್ಟದ್ದಕ್ಕೆ ಬದಲಿ ಕೊಡುತ್ತಾರಲ್ಲ, ನಾನು ಆ ಬದಲಿಯೇ? ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಸಕ್ಕರೆಯನ್ನೇ ಕೇಳದವನು ಇದನ್ನು ಕೇಳುತ್ತಾನೆಯೇ?

ಅವನು ಕೆಲಸಕ್ಕಿದ್ದ ವಾಚಿನ ಅಂಗಡಿ ಹೇಗಿತ್ತು ಗೊತ್ತೇ? ಬಾಗಿಲು ತಳ್ಳಿದರೆ ತೆರೆಯುತ್ತಿರಲಿಲ್ಲ, ಒಳಗಿನಿಂದ ಗುಂಡಿ ಒತ್ತಬೇಕು. ಒಳಗೆ ಹೆಜ್ಜೆ ಹೂತುಹೋಗುವ ಜಮಖಾನ. ಬೆಲೆ ಕೇಳಿದವರು ಮೊದಲು ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಯಜಮಾನರ ಕಟ್ಟಳೆಗಳು ಹೀಗೆ: ಮಾರುವವನ ಕೈಯಲ್ಲಿ ವಾಚು ಇರಬಾರದು, ಗಿರಾಕಿಯ ಕಣ್ಣು ಅತ್ತ ಹೋಗುತ್ತದೆ. ಬಿಳಿ ಗ್ಲೌಸು ಇಲ್ಲದೆ ಏನನ್ನೂ ಮುಟ್ಟಬಾರದು. ಗಿರಾಕಿ ತನ್ನ ಹಳೆಯ ವಾಚು ತಂದು ಹೊಸದರ ಜೊತೆ ಹೋಲಿಸಿ ನೋಡಬೇಕೆಂದರೆ, ಮಖಮಲ್ಲಿನ ಟ್ರೇಯಲ್ಲಿ ಗಿರಾಕಿಯದು ನಮ್ಮ ಎಡಕ್ಕೆ, ಅಂಗಡಿಯದು ನಮ್ಮ ಬಲಕ್ಕೆ, ಅದರಲ್ಲಿ ಜಪ್ಪಯ್ಯ ಅಂದರೂ ವ್ಯತ್ಯಾಸ ಆಗಕೂಡದು. ಕೊನೆಗೆ ಗಿರಾಕಿಯ ವಾಚನ್ನು ನಾವೇ ಅವರ ಕೈಗೆ ಕಟ್ಟಿ ಕಳಿಸಬೇಕು, ಅದು ಮರ್ಯಾದೆ. ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಿಗೆ ಯಜಮಾನರು ಮನೆಗೆ ಹೋಗಿ ಉಂಡು ಮಲಗುತ್ತಿದ್ದರು. ಎದ್ದು ಬಂದವರು ಮೊದಲು ಮಾಡುವ ಕೆಲಸ, ಮೇಷ್ಟ್ರು ಹಾಜರಿ ತೆಗೆದುಕೊಂಡ ಹಾಗೆ ಪ್ರತಿಯೊಂದು ವಾಚನ್ನೂ ಅದರ ಗೂಡಿನಲ್ಲಿ ಮುಟ್ಟಿ ನೋಡುವುದು. ಹಿಂದೆ ಒಬ್ಬ ಕೆಲಸಗಾರ ಒಂದು ಬರೀ ಚೈನಿನ ಕೊಂಡಿ ಕಳೆದದ್ದಕ್ಕೆ ಅದೇ ಜಮಖಾನದ ಮೇಲೆ ನಡೆದು ಹೊರಗೆ ಹೋಗಿದ್ದ, ಮತ್ತೆ ಒಳಗೆ ಬರಲಿಲ್ಲ.

ಊಟಕ್ಕೆ ಬಾಗಿಲು ಹಾಕುವ ಮುಂಚೆ ಒಬ್ಬರು ಬಂದರು. ಯಜಮಾನರು ಆಗಷ್ಟೇ ಹೊರಟುಹೋಗಿದ್ದರು. ಬಂದವರು ಕುರ್ಚಿಯ ಮೇಲೆ ಧಡಕ್ಕನೆ ಕೂತು ಎಡಗೈ ಮುಂದೆ ಚಾಚಿ, "ಇದರ ಹೊಸದು ಬಂದಿದ್ಯಂತಲ್ಲಾ, ತೋರ್ಸಿ ನೋಡೋಣ" ಎಂದರು. ವಾಚಿನವನು ಮುಖ ನೋಡಲಿಲ್ಲ. ಕೈ ನೋಡಿದ. ಕಿರುಬೆರಳು ಕೊಂಚ ಹೊರಕ್ಕೆ ಬಾಗಿತ್ತು.

ತಾನು ಎಷ್ಟು ಭಾನುವಾರ ಧೂಳು ಒರೆಸಿದ ಕೈ ಅದು! ಅದಕ್ಕೊಂದು ತೋಳಿದೆ, ತೋಳಿಗೊಂದು ಹೊಟ್ಟೆ, ಮೇಲೊಂದು ಮುಖ, ಅದರಲ್ಲಿ ಮೀಸೆ, ಇದೆಲ್ಲ ಅನ್ಯಾಯ ಎನ್ನಿಸಿತು ಅವನಿಗೆ. ಬೇರೆ ಕೈಯೂ ಇರಬಹುದು, ಲೋಕದಲ್ಲಿ ಬಾಗಿದ ಕಿರುಬೆರಳು ಒಬ್ಬರಿಗೇ ಇರುತ್ತದೆಯೇ ಎಂದು ಸಮಾಧಾನ ಹೇಳಿಕೊಳ್ಳುತ್ತಲೇ ಗ್ಲೌಸು ಏರಿಸಿ, ಕೊಂಡಿ ಬಿಚ್ಚಿ, ವಾಚನ್ನು ಟ್ರೇಯ ಎಡಕ್ಕೆ ಮಲಗಿಸುವ ಮುಂಚೆ ಬೆನ್ನು ತಿರುಗಿಸಿ ನೋಡಿದ. ಬೆನ್ನಿನ ಮೇಲೆ ಕೆತ್ತಿಸಿದ್ದರು: ತಡ ಮಾಡಬೇಡಿ. ಅಚ್ಚಿನ ಅಕ್ಷರವಲ್ಲ, ಕೈಬರಹ. ಡ ಅಕ್ಷರದ ಬಾಲವನ್ನು ಸುತ್ತಿ ಹೊಟ್ಟೆಯೊಳಕ್ಕೆ ಸೇರಿಸುವ ಕೈಬರಹ. ಹಾಗೆ ಬರೆಯುವವರು ಒಬ್ಬರೇ. ಬೆಳಗ್ಗೆ ಫ್ರಿಜ್ಜಿನ ಬಾಗಿಲಿಗೆ ಹೆಂಡತಿ ಅಂಟಿಸಿದ್ದ ಚೀಟಿ ಇನ್ನೂ ಅವನ ಪ್ಯಾಂಟಿನ ಜೇಬಿನಲ್ಲಿತ್ತು: ಬಲ್ಬು ತನ್ನಿ, ಇಸ್ತ್ರಿಗೆ ಕೊಟ್ಟದ್ದು ತನ್ನಿ, ತಡ ಮಾಡಬೇಡಿ.

"ಹಿಂದೆ ಏನೋ ಕೆತ್ತಿದೆಯಲ್ಲ ಸರ್" ಎಂದ. ಸ್ವರ ಯಾರದ್ದೋ ಇದ್ದಂತಿತ್ತು.

"ಹೂಂ, ಕಂಪನಿ ನಂಬರ್ ಇರ್ಬೇಕು" ಎಂದರು ಹಿಂದಿನವರು.

ಅಲ್ಲಿಂದ ಅವನ ಬಾಯಿ ಒಂದು ಕಡೆ, ಮನಸ್ಸು ಒಂದು ಕಡೆ. ಬಾಯಿಗೆ ಎಷ್ಟು ವರ್ಷದ ಅಭ್ಯಾಸ! ಅದು ತಾನಾಗಿ ಹೋಲಿಸುತ್ತ ಹೋಯಿತು. ನೋಡಿ ಸರ್, ದೂರದಿಂದ ಎರಡೂ ಒಂದೇ, ಕಂಪನಿಯವರ ಹೆಮ್ಮೆಯೇ ಅದು, ಹತ್ತಿರ ಬಂದರಷ್ಟೇ ಗೊತ್ತಾಗಬೇಕು. ಹಳೆಯದು ತೆಳ್ಳಗೆ, ಅಂಗಿಯ ತೋಳಿನ ಕೆಳಗೆ ನುಸುಳಿಬಿಡುತ್ತದೆ. ಹೊಸದು ಒಂದು ಸುತ್ತು ದಪ್ಪ. ಹಳೆಯದರ ಗಾಜು ಮೆತ್ತಗೆ, ಗೀರು ಬೀಳುತ್ತದೆ, ಉಜ್ಜಿದರೆ ಹೋಗುತ್ತದೆ. ಹೊಸದಕ್ಕೆ ಗೀರೇ ಬೀಳುವುದಿಲ್ಲ, ಆದರೆ ಬಿದ್ದು ಒಡೆದರೆ ಚೂರುಚೂರು. ಹಳೆಯದರ ಡಯಲ್ಲಿನ ಬಿಳಿ ಚುಕ್ಕೆಗಳು ಈಗ ಕೆನೆ ಬಣ್ಣಕ್ಕೆ ತಿರುಗಿವೆ, ಅದಕ್ಕೇ ಸಾಯುವವರಿದ್ದಾರೆ. ಹೊಸದರ ಚುಕ್ಕೆ ಕತ್ತಲಲ್ಲಿ ನೀಲಿಯಾಗಿ ಉರಿಯುತ್ತದೆ. ಹಳೆಯದರ ಚೈನು ಟೊಳ್ಳು, ಗಲಗಲ ಎನ್ನುತ್ತದೆ. ಹೊಸದು ಗಟ್ಟಿ, ಕೊಂಡಿ ಹಾಕಿದರೆ ತಿಜೋರಿಯ ಬಾಗಿಲು ಬಿದ್ದ ಸದ್ದು. ಹಳೆಯದರ ತಾರೀಖು ಸಂಜೆಯಿಂದಲೇ ಕದ್ದು ಕದ್ದು ಜರುಗಲು ಶುರುಮಾಡುತ್ತದೆ. ಹೊಸದರದು ನಡುರಾತ್ರಿ ಟಕ್ ಅಂತ ಒಂದೇ ನೆಗೆತ. ಎರಡಕ್ಕೂ ಕೀಲಿ ಕೊಡಬೇಕಿಲ್ಲ, ಕೈ ಆಡಿದರೆ ಸಾಕು. ಆದರೆ ಬಿಚ್ಚಿ ಮೂಲೆಯಲ್ಲಿಟ್ಟರೆ ಹಳೆಯದು ಮಾರನೆಯ ದಿನವೇ ನಿಂತುಹೋಗುತ್ತದೆ ಸರ್. ಹೊಸದನ್ನು ಯಾರೂ ಮುಟ್ಟದಿದ್ದರೂ, ಯಾರೂ ಮಾತಾಡಿಸದಿದ್ದರೂ, ಮೂರು ದಿನ ಪಾಪ ತಾನಾಗಿಯೇ ನಡೆಯುತ್ತಿರುತ್ತದೆ.

ಯಾರೂ ಮಾತಾಡಿಸದಿದ್ದರೂ ಎಂದದ್ದು ತಾನೇ ಎಂದು ತಿಳಿದು ಅವನು ಬೆಚ್ಚಿದ. ಹಿಂದಿನವರಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಅವರು ಟ್ರೇ ಎತ್ತಿಕೊಂಡು, "ಬೆಳಕಲ್ಲಿ ನೋಡ್ಬೇಕ್ರೀ" ಎಂದು ಕಿಟಕಿಗೆ ಹೋಗಿ, ತಮಗೆ ನೇರ ಕಾಣಲಿ ಎಂದು ಅದನ್ನು ಒಂದು ಅರ್ಧ ಸುತ್ತು ತಿರುಗಿಸಿಕೊಂಡರು. ವಾಚಿನವನು ಹಿಂದೆಯೇ ಹೋಗಿ ಎದುರು ನಿಂತ. ಅವನು ಆಗ ನೋಡಬೇಕಿದ್ದದ್ದು ಟ್ರೇ. ನೋಡುತ್ತಿದ್ದದ್ದು ಮೀಸೆ. ನನಗೂ ಮೀಸೆ ಇದೆಯಲ್ಲ. ಇವನ ಕೂದಲು ನೆತ್ತಿಯಲ್ಲಿ ಉದುರಿದೆ, ನನ್ನದೂ ಅಲ್ಲೇ. ಕೂರುವಾಗ ಇವನು ಧಡಕ್ಕನೆ ಕೂರುತ್ತಾನೆ, ನಾನು ಹಾಗಲ್ಲ, ಅಥವಾ ಹಾಗೆಯೇ ಏನೋ, ನಾನು ಕೂರುವುದನ್ನು ನಾನು ಎಲ್ಲಿ ನೋಡಿದ್ದೇನೆ?

"ಹಳೇದ್ರಲ್ಲಿ ಏನಾದ್ರೂ ತೊಂದ್ರೆ ಇತ್ತಾ ಸರ್?" ಎಂದು ಕೇಳಿದ. ಇದು ಎಲ್ಲ ಗಿರಾಕಿಗಳಿಗೂ ಕೇಳುವ ಪ್ರಶ್ನೆ. ಆದರೆ ಈ ಸಲ ಉತ್ತರಕ್ಕೆ ಅವನು ನಿಜವಾಗಿ ಕಾದ.

"ಏನ್ ತೊಂದ್ರೆ? ಒಂದು ದಿನ ನಿಂತಿಲ್ಲ, ಕೆಟ್ಟಿಲ್ಲ. ಅಭ್ಯಾಸ ಆಗೋಗಿದೆ ನೋಡಿ, ಕೈಲಿದೆ ಅನ್ನೋದೇ ನೆನಪಿರಲ್ಲ. ನನ್ನ ಮೊದಲ್ನೇ ಹೆಂಡ್ತಿ ಕೊಡ್ಸಿದ್ದು. ಮದುವೆಗೆ ಮುಂಚೆಯಿಂದ ದುಡಿದು ಕೂಡಿಟ್ಟಿದ್ಲು. ಈಗ ಬೇರೆ ಮದುವೆ ಆಗಿದ್ದಾಳೆ."

"ಹೌದಾ ಸರ್."

"ಡೈವೋರ್ಸ್ ಆದ ದಿನ ಒಂದು ಮಾತು ಹೇಳಿ ಕಳ್ಸಿದ್ದೆ, ಹುಡುಕು ಹೋಗು, ನನ್ನಂಥೋನು ಇನ್ನೊಬ್ಬ ಸಿಗಲ್ಲ ನಿಂಗೆ ಅಂತ." ಹಿಂದಿನವರು ಕೈ ಮುಂದೆ ಚಾಚಿದರು, ಕಟ್ಟು ಎಂಬಂತೆ. "ಸಿಕ್ಕಿದ್ನಂತೆ ಕಣ್ರೀ! ನೋಡಿದೋರೆಲ್ಲ ಹೇಳ್ತಾರೆ, ಥೇಟ್ ನನ್ನ ಥರಾನೇ ಇದ್ದಾನಂತೆ. ಯಾವನೋ ಪಾಪ. ನಂಗೆ ಅವನನ್ನ ಒಂದ್ಸಲ ನೋಡ್ಬೇಕು ಅಂತ ಆಸೆ."

ವಾಚಿನವನ ಕಿವಿಯಲ್ಲಿ ಗುಂಯ್ ಎಂದಿತು. ಕೈ ಮಾತ್ರ ತನ್ನ ಅಭ್ಯಾಸದ ಕೆಲಸ ಮಾಡಿತು. ಎಡದಲ್ಲಿದ್ದದ್ದನ್ನು ಎತ್ತಿತು, ಬಾಗಿದ ಕಿರುಬೆರಳನ್ನು ದಾಟಿಸಿತು, ಕೊಂಡಿ ಹಾಕಿತು. ಕೊಂಡಿ ಬಿದ್ದ ಸದ್ದು ತಿಜೋರಿಯದು. ಆ ಸದ್ದು ಅವನಿಗೆ ಕೇಳಿಸಲಿಲ್ಲ. "ಯೋಚ್ನೆ ಮಾಡಿ ಹೇಳ್ತೀನಿ" ಎಂದು ಹಿಂದಿನವರು ಹೊರಟರು. ಗುಂಡಿ ಒತ್ತಿ ಬಾಗಿಲು ತೆರೆದು, ಬಗ್ಗಿ ನಮಸ್ಕಾರ ಮಾಡಿ ಕಳಿಸಿದವನು ಇವನೇ.

ಟ್ರೇಯಲ್ಲಿ ಉಳಿದದ್ದನ್ನು ಒರೆಸಿ ಗೂಡಿನಲ್ಲಿ ಇಡುವಾಗ ಅದು ಸಡಿಲವಾಗಿ ಒಂದು ಕಡೆಗೆ ವಾಲಿತು, ಅಪ್ಪನ ಚಪ್ಪಲಿಯೊಳಗೆ ಮಗು ಕಾಲಿಟ್ಟ ಹಾಗೆ. ಸರಿಮಾಡಿದ. ಮತ್ತೆ ವಾಲಿತು. ಎತ್ತಿ ತಿರುಗಿಸಿದ. ತಡ ಮಾಡಬೇಡಿ, ಎಂದಿತು ವಾಚು.

ಅವನು ಜಮಖಾನದ ಮೇಲೆಯೇ ಕೂತುಬಿಟ್ಟ. ಧಡಕ್ಕನೆ. ಹೊರಗೆ ಓಡಿ ನೋಡಿದ. ಬೀದಿಯಲ್ಲಿ ಮೀಸೆಗಳು ಬೇಕಾದಷ್ಟಿದ್ದವು, ಆ ಮೀಸೆ ಇರಲಿಲ್ಲ. ವಿಳಾಸವಿಲ್ಲ, ಫೋನ್ ನಂಬರಿಲ್ಲ. ಯಜಮಾನರು ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದು ಗೂಡುಗಳಿಗೆ ಬೆರಳು ಹಾಕುತ್ತಾರೆ. ಅಷ್ಟರೊಳಗೆ ಆ ಮನುಷ್ಯನನ್ನು ಹಿಡಿಯಬೇಕು. ಈ ಲೋಕದಲ್ಲಿ ಅವನ ನಂಬರು ಯಾರಲ್ಲಿ ಇದ್ದೀತು ಎಂದು ಯೋಚಿಸಿದ. ಯೋಚಿಸುವ ಮೊದಲೇ ಉತ್ತರ ಗೊತ್ತಿತ್ತು. ಅದಕ್ಕೇ ಯೋಚಿಸುತ್ತಲೇ ನಿಂತಿದ್ದ.

ಹೆಂಡತಿ ಡ್ರೈವಿಂಗ್ ಕಲಿಸುವವಳು. ಊರಿನ ಅರ್ಧ ಜನ ಅವಳ ಕೈಯಲ್ಲಿ ಬೈಸಿಕೊಂಡು ಲೈಸೆನ್ಸ್ ಪಡೆದವರು. ಕೊನೆಗೆ ಅವಳಿಗೇ ಫೋನ್ ಮಾಡಿದ.

"ಹೇಳ್ರೀ ಬೇಗ, ಪಾಠ ನಡೀತಿದೆ. ಡಾಕ್ಟರಮ್ಮಾ, ಕ್ಲಚ್ಚು, ಕ್ಲಚ್ಚು! ಪೂರ್ತಿ ಒತ್ತಿ, ಹಲ್ಲು ಕೀಳೋವಾಗ ಹೀಗೇ ಅರ್ಧಕ್ಕೆ ಬಿಡ್ತೀರಾ? ಹೂಂ, ಹೇಳಿ."

"ಏನಿಲ್ಲ. ಒಂದು ನಂಬರ್ ಬೇಕಿತ್ತು."

"ಯಾರದ್ದು?"

"ಅದೇ... ಹಿಂದಿನವರದ್ದು."

ಫೋನಿನಲ್ಲಿ ಯಾರದ್ದೋ ಹಾರನ್ನು, ಇನ್ಯಾರದ್ದೋ ಬೈಗುಳ. ಆಮೇಲೆ ಅವಳ ದನಿ, ಬಹಳ ಮೆಲ್ಲಗೆ. "ಯಾಕೆ? ಅವರ ಹತ್ರ ಏನಾದ್ರೂ ಕೇಳೋದಿತ್ತಾ?"

ಅವನು ಹೇಳಿದ. ಹೇಳುತ್ತ ಹೇಳುತ್ತ, ಇದನ್ನು ನಾನೇ ಬೇಕೆಂದು ಮಾಡಿದೆನೇ ಎಂದು ಅವನಿಗೇ ಅನುಮಾನ ಬಂತು. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನಕ್ಕಳು, ತಲೆ ಹಿಂದಕ್ಕೆ ಎಸೆದು ನಕ್ಕದ್ದು ಫೋನಿನಲ್ಲೇ ಗೊತ್ತಾಯಿತು. "ಅಲ್ಲೇ ನಿಂತಿರಿ. ಫೋನ್ ಮಾಡಿದ್ರೆ ಅವರು ಎತ್ತಲ್ಲ. ಬರ್ತೀವಿ."

ಬಂದರು. ಡ್ರೈವಿಂಗ್ ಶಾಲೆಯ ಕಾರು ಕೆಂಪು ಬೋರ್ಡು ಹೊತ್ತು, ಎರಡು ಸಲ ಕೆಮ್ಮಿ, ಅಂಗಡಿಯ ಮುಂದೆ ನಿಂತಿತು. ಓಡಿಸುತ್ತಿದ್ದವಳು ಹಲ್ಲಿನ ಡಾಕ್ಟರಮ್ಮನೇ. ಅವಳ ಪಾಠದ ಹೊತ್ತು ಇನ್ನೂ ಮುಗಿದಿರಲಿಲ್ಲ, ಮುಗಿಯುವ ತನಕ ಸ್ಟೇರಿಂಗು ಅವಳದ್ದು, ಹೆಂಡತಿ ಅದರಲ್ಲೆಲ್ಲ ಬಹಳ ಕಟ್ಟುನಿಟ್ಟು. ವಾಚಿನವನು ಹಿಂದಿನ ಸೀಟಿನಲ್ಲಿ ಮೊಣಕಾಲು ಜೋಡಿಸಿ ಕೂತ, ಜೇಬಿನಲ್ಲಿ ಹಿಂದಿನವರ ವಾಚು, ಗಲಗಲ. ಹಿಂದೆ ಬರುತ್ತಿದ್ದ ಸೈಕಲ್ಲುಗಳೆಲ್ಲ ದಾಟಿ ಮುಂದೆ ಹೋದವು.

"ಇದು ನೀನು ಕೊಡಿಸಿದ್ದು ಅಂತ ನಂಗೆ ಹೇಳಿರಲಿಲ್ಲ" ಎಂದ, ಅವಳ ಜಡೆಗೆ.

"ನೀವು ಕೇಳಿರಲಿಲ್ಲ. ಎಡಕ್ಕೆ ತಗೊಳ್ಳಿ ಡಾಕ್ಟರಮ್ಮ."

"ಅವರಿಗೆ ಅದು ಕಂಪನಿ ನಂಬರ್ ಅಂತೆ."

ಅವಳು ತಟ್ಟನೆ ತಿರುಗಿದಳು. "ಏನು?"

"ಹಿಂದೆ ಕೆತ್ತಿರೋದು. ಕಂಪನಿ ನಂಬರ್ ಇರ್ಬೇಕು ಅಂದ್ರು."

ಕಾರು ಒಂದಷ್ಟು ದೂರ ಯಾರ ಬೈಗುಳವೂ ಇಲ್ಲದೆ ಹೋಯಿತು. ಆಮೇಲೆ ಅವಳು ಎದುರಿನ ಗಾಜಿನ ಕಡೆ ನೋಡುತ್ತ ಹೇಳಿದಳು, "ನಾನು ಮನೆ ಬಿಟ್ಟು ಅಮ್ಮನ ಮನೆಗೆ ಹೋದ ಮೇಲೆ ನಾಲ್ಕನೇ ದಿನ ಫೋನ್ ಮಾಡಿದ್ರು ಆ ಪುಣ್ಯಾತ್ಮ. ಏನಂತ ಗೊತ್ತಾ? ಹಾಲು ಯಾಕೆ ಬಂದಿಲ್ಲ ಅಂತ."

ಡಾಕ್ಟರಮ್ಮ ಕನ್ನಡಿಯಲ್ಲಿ ಹಿಂದೆ ಕೂತವನ ಮುಖ ನೋಡಿದಳು. ಕನ್ನಡಿ ನೋಡಿ, ಕನ್ನಡಿ ನೋಡಿ ಎಂದು ಕಲಿಯಲು ಬಂದ ದಿನದಿಂದ ಬೈಸಿಕೊಳ್ಳುತ್ತಿದ್ದವಳು ತಾನಾಗಿ ಕನ್ನಡಿ ನೋಡಿದ್ದು ಅಂದೇ ಮೊದಲು.

ಹಿಂದಿನವರ ಅಂಗಡಿ ಕನ್ನಡಕದ್ದು. ನಗಬೇಡಿ, ನಾನು ಸೇರಿಸಿ ಹೇಳುತ್ತಿಲ್ಲ. ಕಂಡವರ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವುದೇ ಅವರ ಕಸುಬು. ಒಳಗೆ ಹೋದಾಗ ಅವರು ಒಬ್ಬ ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತಿದ್ದರು. ಎಡಗೈ ಮೇಲೆದ್ದಾಗಲೆಲ್ಲ ಹೊಸ ವಾಚು ಬಿಸಿಲಿಗೆ ಝಗ್ಗೆಂದು, ಎದುರು ಗೋಡೆಯ ಮೇಲೆ ಬೆಳಕಿನ ಒಂದು ಬಿಲ್ಲೆ ಕುಣಿಯುತ್ತಿತ್ತು. ಗಿರಾಕಿಯೂ ಆ ಬಿಲ್ಲೆಯನ್ನೇ ನೋಡುತ್ತಿದ್ದ. ನೋಡದವರು ಅವರೊಬ್ಬರೇ.

"ಕೈ ಕೊಡಿ" ಎಂದಳು ಅವಳು.

"ಅರೆ, ನೀನು! ಏನಿಷ್ಟು ದಿನದ ಮೇಲೆ?" ಎನ್ನುತ್ತ ಅವರು ಕೈ ಕೊಟ್ಟರು. ಅವಳು ಕೊಂಡಿಗೆ ಉಗುರು ಹಾಕಿ ಎಳೆದಳು, ಬರಲಿಲ್ಲ. ಹಳೆಯದರ ಕೊಂಡಿ ಅವಳ ಬೆರಳಿಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಆಗ ವಾಚಿನವನು ಮುಂದೆ ಬಂದು, ಗ್ಲೌಸಿಲ್ಲದ ಕೈಯಿಂದ, ಎರಡು ಕಡೆಯ ಗುಂಡಿ ಒಟ್ಟಿಗೆ ಒತ್ತಿ ಬಿಚ್ಚಿದ. ಹಳೆಯದನ್ನು ತೆಗೆದು ಕಟ್ಟಿದ. ಗಲಗಲ. ಹಿಂದಿನವರು ಕೈಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

"ಓ, ನೀವು ವಾಚಂಗಡಿಯೋರಲ್ವಾ? ಏನಾಯ್ತು?"

"ಅದಲು ಬದಲಾಗಿತ್ತು ಸರ್. ನನ್ನಿಂದ ತಪ್ಪಾಯ್ತು."

"ಹೌದಾ? ಗೊತ್ತೇ ಆಗ್ಲಿಲ್ಲ ನೋಡಿ!" ಎಂದು ಅವರು ಸಂತೋಷವಾಗಿ ನಕ್ಕರು. ನಗುತ್ತ ಅವಳ ಕಡೆ ತಿರುಗಿ, "ನಿಂಗೇನು ಕೆಲಸ ಇವರ ಜೊತೆ?" ಎಂದರು.

"ಇವರು ನಮ್ಮನೆಯವರು."

ಹಿಂದಿನವರು ಬಾಯಿ ಮುಚ್ಚಿ, ಗಿರಾಕಿಯ ಮೂಗಿಗೆಂದು ಹಿಡಿದಿದ್ದ ಕನ್ನಡಕವನ್ನು ತಾವೇ ಹಾಕಿಕೊಂಡು, ವಾಚಿನವನನ್ನು ನೆತ್ತಿಯಿಂದ ಚಪ್ಪಲಿಯವರೆಗೆ ನೋಡಿದರು. ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು. ವಾಚಿನವನು ಮಖಮಲ್ಲಿನ ಮೇಲೆ ಮಲಗಿದ ಹಾಗೆ ಅಲುಗಾಡದೆ ನಿಂತ. ಅವರ ಮುಖ ನಿಧಾನಕ್ಕೆ ಬಾಡಿತು.

"ಛೆ! ನನ್ನ ಥರ ಇಲ್ವೇ ಇಲ್ವಲ್ರೀ ನೀವು! ಜನಕ್ಕೆ ಕಣ್ಣೇ ಇಲ್ಲ."

ಹೊರಗೆ ಡಾಕ್ಟರಮ್ಮ ಕಾರನ್ನು ತಿರುಗಿಸಿ ನಿಲ್ಲಿಸಿದ್ದಳು. ತಿರುಗಿಸುವ ಭರದಲ್ಲಿ ಒಂದು ಹೂವಿನ ಕುಂಡ ಉರುಳಿತ್ತು. ವಾಚಿನವನು ಸೀಟಿನಲ್ಲಿ ಕೂತು ಹೊಸ ವಾಚಿನ ಬೆನ್ನನ್ನು ಕರವಸ್ತ್ರದಿಂದ ಒರೆಸಿದ. ಖಾಲಿ ಬೆನ್ನು, ಒಂದು ಗೀರೂ ಇಲ್ಲ. ಇಷ್ಟು ವರ್ಷ ಹೊತ್ತುಕೊಂಡಿದ್ದದ್ದು ಒಮ್ಮೆಲೇ ಇಳಿದರೆ ಹಗುರವಾಗಬೇಕಲ್ಲ, ಅವನಿಗೆ ಯಾಕೋ ಮೈಮೇಲೆ ಬಟ್ಟೆ ಇಲ್ಲದ ಹಾಗಾಗಿತ್ತು.

"ಅವರಿಗೆ ಗೊತ್ತಾಗಲಿಲ್ಲ, ಸರಿ" ಎಂದಳು ಅವಳು, ತಿರುಗದೆ. "ನಿಮ್ಮ ಕಥೆ ಬೇರೆ. ನಿಮಗೆ ಎಲ್ಲಾ ಗೊತ್ತಾಗುತ್ತೆ. ಯಾವ ಚುಕ್ಕೆ ಬಿಳಿ, ಯಾವ ಚುಕ್ಕೆ ಕೆನೆ, ಎಲ್ಲಾ. ಆದ್ರೆ ಬಾಯಿ ಬಿಡಲ್ಲ. ಅದೊಂದು ಜಾತಿ, ಇದೊಂದು ಜಾತಿ."

"ನಾನೇನು ಬಾಯಿ ಬಿಡಬೇಕಿತ್ತು?"

"ಅಮ್ಮ ಕೊಡೋ ಕಾಫಿ ಹೇಗಿರುತ್ತೆ?"

ಅವನ ಕೈ ಜೇಬಿನ ಪೆಪ್ಪರಮಿಂಟಿಗೆ ಹೋಯಿತು.

"ಮದುವೆ ಆದಾಗಿಂದ ನೋಡ್ತಿದೀನಿ. ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ. ನಾನು ಹೇಳಿದ್ರೆ ಒಂದು ನಿಮಿಷದ ಕೆಲಸ. ಆದ್ರೆ ಬೇಕು ಅಂತ ಬಾಯಿಬಿಟ್ಟು ಕೇಳೋ ಗಂಡ ಒಬ್ಬ ನಂಗೆ ಬೇಕಿತ್ತು ಕಣ್ರೀ. ಇದೇನು ಮೌನವ್ರತ, ಪೆಪ್ಪರಮಿಂಟು ತಿನ್ಕೊಂಡು?"

"ಬ್ರೇಕ್ ಹಾಕ್ಲಾ?" ಎಂದಳು ಡಾಕ್ಟರಮ್ಮ, ಗದ್ಗದವಾಗಿ.

"ಎದುರಿಗೆ ಬಸ್ಸಿದೆ, ಹಾಕದೆ ಏನು ಮಾಡ್ತೀರಿ!" ಎಂದು ಹೆಂಡತಿಯೇ ತನ್ನ ಕಾಲಿನ ಬಳಿಯ ಇನ್ನೊಂದು ಬ್ರೇಕು ತುಳಿದಳು. ಮೂವರೂ ಮುಂದಕ್ಕೆ ಮುಗ್ಗರಿಸಿದರು. ಬಸ್ಸು ಹೋಯಿತು. ಅವನು ಸೀಟು ಹಿಡಿದುಕೊಂಡೇ ಕೇಳಿದ, ಬಹಳ ಸಣ್ಣ ದನಿಯಲ್ಲಿ, "ಮತ್ತೆ ಆ ಫೋಟೋ?"

"ಏನು ಫೋಟೋ?"

"ಅದರಲ್ಲಿ ಕೈ ಇದೆ."

ಅವಳು ಈ ಸಲ ಪೂರ್ತಿ ತಿರುಗಿ ಅವನನ್ನು ನೋಡಿದಳು. "ಇಷ್ಟು ವರ್ಷ ಆ ಕೈ ನೋಡ್ಕೊಂಡು ಕೂತಿದ್ರಾ? ನಾನು ನನ್ನ ನಗು ಚೆನ್ನಾಗಿ ಬಂದಿದೆ ಅಂತ ಇಟ್ಕೊಂಡಿದ್ದು. ಕೈ ಇದೆ ಅನ್ನೋದೇ ಮರೆತುಹೋಗಿತ್ತು ನಂಗೆ." ಮುಂದೆ ತಿರುಗಿ, "ಬಲ್ಬು ತಂದ್ರಾ?" ಎಂದಳು.

ಯಜಮಾನರು ಕಣ್ಣುಜ್ಜಿಕೊಂಡು ಬಂದು ಗೂಡುಗಳಿಗೆ ಒಂದೊಂದಾಗಿ ಬೆರಳು ಹಾಕಿದರು. ಹೊಸ ವಾಚಿನ ಹತ್ತಿರ ನಿಂತರು. ವಾಚಿನವನು ಕೈ ಹಿಂದಕ್ಕೆ ಕಟ್ಟಿಕೊಂಡ. "ಗಾಜಿನ ಮೇಲೆ ಬೆರಳಚ್ಚಿದೆ. ಗ್ಲೌಸ್ ಹಾಕ್ಕೊಂಡಿರ್ಲಿಲ್ವಾ?" ಎಂದರು. "ಇರಲಿಲ್ಲ ಯಜಮಾನ್ರೆ" ಎಂದು ಅವನು ಹೇಳಿದ್ದಕ್ಕೆ ಅವರೇ ಒಂದು ಕ್ಷಣ ಗಾಬರಿಯಾದರು. ಅಷ್ಟು ವರ್ಷದಲ್ಲಿ ಅವನು ಅವರಿಗೆ ಇಲ್ಲ ಎಂದದ್ದು ಅದೇ ಮೊದಲಿರಬೇಕು. ಒರೆಸಿಡಿ ಎಂದು ಮುಂದಿನ ಗೂಡಿಗೆ ಹೋದರು.

ಸಂಜೆ ಬಲ್ಬು, ಇಸ್ತ್ರಿ ಬಟ್ಟೆ ಎರಡನ್ನೂ ಹಿಡಿದುಕೊಂಡು, ತಡ ಮಾಡದೆ ಮನೆಗೆ ಬಂದ. ಅತ್ತೆ ಲೋಟ ತಂದು ಕೈಗಿಟ್ಟು, "ನಿಮ್ಮದು ಬೇರೇನೇ ತೆಗೆದಿಟ್ಟಿದ್ದೆ" ಎಂದರು. ಹೆಂಡತಿ ಹಜಾರದ ಗೂಡಿನ ಬಳಿ ಬೆನ್ನು ಹಾಕಿ ನಿಂತಿದ್ದಳು, ಏನನ್ನೋ ಬಹಳ ಗಮನವಿಟ್ಟು ಒರೆಸುತ್ತಿರುವವಳಂತೆ. ಗೋಡೆಯ ಈಚೆ ನಾನು ಕೂಡ ನನ್ನ ರೇಡಿಯೋ ಸಣ್ಣಗೆ ಮಾಡಿದೆ, ಸುಳ್ಳು ಯಾಕೆ ಹೇಳಲಿ. ಅವನು ಒಂದು ಗುಟುಕು ಕುಡಿದ. ಅಷ್ಟು ವರ್ಷದ ಮೇಲೆ ಮುಖ ಹಿಂಡಿದ.

"ಅತ್ತೆ, ಸಕ್ಕರೆ ಬೇಕಿತ್ತು."

ಅತ್ತೆ ತಬ್ಬಿಬ್ಬಾದರು. "ಅಯ್ಯೋ, ನಿಮಗೆ ಸಕ್ಕರೆ ಆಗಲ್ವಲ್ಲಪ್ಪ! ಏನು, ವಾಸಿ ಆಯ್ತಾ?"

"ಆಯ್ತು ಅತ್ತೆ" ಎಂದ. "ಇವತ್ತು ಮಧ್ಯಾಹ್ನ."

ಆಮೇಲೆ ಆ ಮನೆಯಿಂದ ಬಂದ ನಗುವಿಗೆ ನಮ್ಮ ಗೋಡೆಯ ಸುಣ್ಣ ಉದುರಿತು. ಅತ್ತೆ ಸಂಭ್ರಮಕ್ಕೆ ಮೂರು ಚಮಚ ಸುರಿದರಂತೆ, ಕುಡಿದರೆ ಪಾಕ. ಅವನು ಬಾಯಿ ತೆರೆದು, "ಇಷ್ಟೊಂದು ಬೇಡ ಅತ್ತೆ" ಎಂದನಂತೆ.

ಫೋಟೋ ಗೂಡಿನಲ್ಲೇ ಇದೆ, ಕೈಯೂ ಇದೆ. ಭುಜ ಬಿಟ್ಟು ಅದು ಎಲ್ಲಿಗೆ ಹೋಗಬೇಕು? ಭಾನುವಾರ ಧೂಳು ಒರೆಸುವಾಗ ಈಗ ಅವನು ಮೊದಲು ನಗುವನ್ನು ಒರೆಸುತ್ತಾನೆ, ಆಮೇಲೆ ವಾಚನ್ನು. ವಾಚಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾನೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆ ಹಳೆಯ ಚುಕ್ಕೆಗಳ ಕೆನೆ ಬಣ್ಣ ಹೊಸದಕ್ಕೆ ಬರುವುದಿಲ್ಲ, ಅದು ಅವನೂ ಒಪ್ಪುವ ಮಾತು.

ನಾನು ಹೇಳುವುದು ಇಷ್ಟೇ. ನಿಮ್ಮ ಗುಂಪಿನಲ್ಲಿ ಬೇಡವೆನಿಸಿದರೂ ಲೋಟ ಖಾಲಿ ಮಾಡುವವರು, ಬೇಕೆನಿಸಿದರೂ ಕೇಳದವರು ಯಾರಾದರೂ ಇದ್ದಾರು. ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಳ್ಳುತ್ತಿದ್ದೀರಲ್ಲ, ಅವರಿಗೆ ಇದನ್ನು ಕಳಿಸಿ. ಉದ್ದವಾಯಿತು ಎಂದು ಮಧ್ಯದಲ್ಲಿ ಮಾತ್ರ ಕತ್ತರಿಸಬೇಡಿ. ಎಷ್ಟು ನೀಟಾಗಿ ಕತ್ತರಿಸಿದರೂ ಯಾರದ್ದೋ ಒಂದು ಕೈ ಉಳಿದುಬಿಡುತ್ತದೆ.